ಇರಾಣಿ ಅಂಗಡಿಯ ಮಾವಾ ಕೇಕು

ಕಳೆದ ಸಂಚಿಕೆಯಲ್ಲಿ ಉಪ್ಪಿನಕಾಯಿಯ ಭರಣಿಗಳನ್ನು ಕುರಿತು ಬರೆಯುತ್ತ, ಉಳಿದ ಮಾತನ್ನು ಈ ತಿಂಗಳು ಹೇಳುವೆವೆಂದು ವಾಚಕರಿಗೆ ವಚನವಿತ್ತಿದ್ದೆವು. ಆ ವಚನವನ್ನು ಈಗ ಮುರಿಯಬೇಕಾಗಿ ಬಂದಿದೆ. ನಮ್ಮ ಸೋದರಮಾವನವರನ್ನು ಊರಿಗೆ ಕರೆತರುವ ಸಲುವಾಗಿ ನಾವೂ ನಮ್ಮ ಮನೆಯವರೂ ಮುಂಬಯಿಗೆ ಹೋಗಿಬಂದೆವು. ಹೋದಲ್ಲಿ ನಡೆದ ಒಂದು ಸಣ್ಣ ಸಂಗತಿಯು ಮನಸ್ಸನ್ನು ಹಿಡಿದು ಬಿಡದಿರುವುದರಿಂದ, ಭರಣಿಗಳು ಇನ್ನೊಂದು ತಿಂಗಳು ಕಾಯಲಿ. ಉಪ್ಪಿನಕಾಯಿಯು ಕಾದರೆ ಕೆಡುವ ವಸ್ತುವಲ್ಲವಷ್ಟೆ!

ಮಾವನವರು 1956ರಲ್ಲಿ, ತಮ್ಮ 12ನೆಯ ವಯಸ್ಸಿನಲ್ಲಿ, ಮಂಗಳೂರಿನಿಂದ ಹಡಗು ಹತ್ತಿ ಮುಂಬಯಿಗೆ ಹೋದವರು. ಕೋಟೆ ಭಾಗದ ಒಂದು ಹೋಟೆಲಿನಲ್ಲಿ ಹಗಲು ಮೇಜು ಒರೆಸುವ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಪಾಠ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಹುಡುಗರು ಹೀಗೆಯೇ ಅಕ್ಷರ ಕಲಿತು ಮುಂದೆ ಬಂದರೆಂಬುದನ್ನು ವಾಚಕರು ಬಲ್ಲರು. ಮಾವನವರೂ ಹಾಗೆಯೇ ಓದಿ, ಗುಮಾಸ್ತರಾಗಿ, ನಿವೃತ್ತರಾಗಿ, ಎರಡು ವರ್ಷದ ಕೆಳಗೆ ಅತ್ತೆಯವರನ್ನು ಕಳೆದುಕೊಂಡು ಒಂಟಿಯಾಗಿದ್ದರು. ಸುಮಾರು 70 ವರ್ಷಗಳ ಮೇಲೆ ಮುಂಬಯಿಯನ್ನು ಕಾಯಮ್ಮಾಗಿ ಬಿಟ್ಟು ಬರುವುದೆಂದು ಈಗ ನಿಶ್ಚಯವಾಯಿತು. ಪಾತ್ರೆಗಳನ್ನು ನೆರೆಯವರಿಗೆ ಕೊಟ್ಟದ್ದಾಯಿತು, ಟ್ರಂಕುಗಳನ್ನು ಕಟ್ಟಿದ್ದಾಯಿತು. ಹೊರಡುವ ಮುನ್ನಾದಿನ, ಮಹಾಲಕ್ಷ್ಮಿಯ ದರ್ಶನಕ್ಕೆ ಹೋಗಬೇಕೆನ್ನುವರೋ ಏನೋ ಎಂದು ನಾವು ಕೇಳಿದರೆ, ಅವರು, “ದೇವಿಗೆ ಮೊನ್ನೆಯೇ ಹೇಳಿ ಬಂದೆ. ಇರಾಣಿಗೆ ಹೇಳುವುದೊಂದು ಉಳಿದಿದೆ. ಒಂದು ಗಳಿಗೆ ಅಲ್ಲಿ ಕುಳಿತು ಬರೋಣ” ಎಂದರು.

ಅವರು ಹುಡುಗರಾಗಿದ್ದಾಗ ಹೋಗುತ್ತಿದ್ದ ಇರಾಣಿ ಅಂಗಡಿಯು ಕೋಟೆಯ ಒಂದು ಮೂಲೆಯಲ್ಲಿತ್ತು. ಈಗ ಅಲ್ಲಿ ಮೊಬೈಲ್ ಫೋನುಗಳನ್ನು ಮಾರುವರು. ಮಾವನವರು ಎದುರಿನ ಪಾದಚಾರಿ ಹಾದಿಯಲ್ಲಿ ನಿಂತು, ಕೊಡೆಯ ತುದಿಯಿಂದ “ಅಗೋ, ಗಲ್ಲಾ ಇದ್ದದ್ದು ಅಲ್ಲಿ” ಎಂದು ತೋರಿಸಿದರು. ನಮಗೆ ಕಂಡದ್ದು ಗಾಜಿನ ಹಿಂದೆ ನಗುತ್ತ ನಿಂತ ಒಬ್ಬ ಚಿತ್ರನಟಿಯ ಪಟ ಮಾತ್ರ. ಅಲ್ಲಿಂದ ಬಾಡಿಗೆಯ ಗಾಡಿ ಮಾಡಿಕೊಂಡು ಧೋಬಿ ತಲಾವಿಗೆ ಬಂದು, 1904ರಲ್ಲಿ ಆರಂಭವಾದ ಕಯಾನಿ ಕಂಪನಿಯ ಅಂಗಡಿಯನ್ನು ಹೊಕ್ಕೆವು. ಇದು ಜೇರ್ ಮಹಲ್ ಎಂಬ ಹಳೆಯ ಕಟ್ಟಡದ ನೆಲ ಅಂತಸ್ತಿನಲ್ಲಿ, 1938ರಲ್ಲಿ ತೆರೆದ ಮೆಟ್ರೋ ಚಿತ್ರಮಂದಿರದ ಎದುರಿಗೆ ಇರುವುದು.

ಒಳಗೆ ಎತ್ತರವಾದ ಮಾಳಿಗೆ, ಕೆಂಪು ಬಿಳಿ ಚೌಕಳಿಯ ಮೇಜುವಸ್ತ್ರ, ಬಿಸ್ಕತ್ತುಗಳನ್ನು ತುಂಬಿದ ಗಾಜಿನ ಭರಣಿಗಳು. (ನೋಡಿರಿ, ಭರಣಿಗಳು ನಮ್ಮನ್ನು ಬಿಟ್ಟಿಲ್ಲ!) ಕುರ್ಚಿಗಳ ವಿಚಾರವಾಗಿ ಒಂದು ಮಾತು ಹೇಳಲೇಬೇಕು. ಬೆತ್ತದಂತೆ ಬಳುಕಿಸಿದ ಕಪ್ಪು ಮರದ ಈ ಕುರ್ಚಿಗಳನ್ನು ನಮ್ಮ ಹಳೆಯ ಹೋಟೆಲುಗಳಲ್ಲಿಯೂ ಕಂಡವರಿರಬಹುದು. ಮರವನ್ನು ಹಬೆಯಲ್ಲಿ ಮೆದುವಾಗಿಸಿ ಬಾಗಿಸುವ ಈ ವಿದ್ಯೆಯನ್ನು ಊರ್ಜಿತಗೊಳಿಸಿದವನು ಮಿಖಾಯೆಲ್ ಥೋನೆಟ್ ಎಂಬ ಬಡಗಿ. ವಿಯೆನ್ನಾ ನಗರದ ಕಾಫಿ ಮನೆಗಳಿಗೆಂದು ಆತನು 1859ರಲ್ಲಿ ಹೊರಡಿಸಿದ 14ನೆಯ ಅಂಕದ ಕುರ್ಚಿಯಲ್ಲಿ ಇದ್ದದ್ದು ಆರು ಮರದ ತುಂಡು, ಹತ್ತು ತಿರುಪು, ಎರಡು ನಟ್ಟು, ಅಷ್ಟೆ. ಬಿಡಿಸಿ ಕಟ್ಟಿದರೆ ಒಂದು ಮೀಟರು ಉದ್ದಗಲ ಎತ್ತರದ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಯುತ್ತಿದ್ದವು. ಹಡಗಿನಲ್ಲಿ ಲೋಕವನ್ನೆಲ್ಲ ಸುತ್ತುವುದಕ್ಕೆ ಇದಕ್ಕಿಂತ ಅನುಕೂಲವಾದ ಕುರ್ಚಿಯುಂಟೆ? ಆ ಮಾದರಿಯ ಸಂತತಿಯೇ ಇರಾಣಿ ಅಂಗಡಿಗಳಲ್ಲಿ ತುಂಬಿಕೊಂಡಿತು. ಮಾವನವರು ಕೂಡ್ರುವುದಕ್ಕೆ ಮುಂಚೆ ಕುರ್ಚಿಯ ಬೆನ್ನನ್ನು ಒಮ್ಮೆ ಕೈಯಿಂದ ತಡವಿದರು.

ಇರಾಣಿಗಳೆಂದರೆ ಯಾರು, ಪಾರಸಿಗಳೇ ಅಲ್ಲವೆ, ಎಂದು ನಮ್ಮ ಮನೆಯವರು ಕೇಳಿದರು. ಮತವು ಒಂದೇ, ಬಂದ ಕಾಲವು ಬೇರೆ. ಪಾರಸಿಗಳು ಸಾವಿರ ವರ್ಷಗಳಿಗೂ ಹಿಂದೆ ಪರ್ಶಿಯಾ ದೇಶವನ್ನು ಬಿಟ್ಟು ಗುಜರಾತಿನ ಕರೆಗೆ ಬಂದವರು. ಅವರ ಬಂಧುಗಳು ಕೆಲವರು ಯಜ್ದ್ ಮತ್ತು ಕೆರ್ಮಾನ್ ಎಂಬ ಮರುಭೂಮಿಯ ಊರುಗಳಲ್ಲಿ ಅಗ್ನಿಯನ್ನು ಕಾಪಾಡಿಕೊಂಡು, ತಲೆಗಂದಾಯವನ್ನು ತೆತ್ತು, ಅವಮಾನಗಳನ್ನು ನುಂಗಿಕೊಂಡು ಉಳಿದಿದ್ದರು. 1854ರಲ್ಲಿ ಮುಂಬಯಿಯ ಪಾರಸಿಗಳು ಮಾಣೆಕಜೀ ಲೀಮಜೀ ಹಟಾರಿಯಾ ಎಂಬವರನ್ನು ಅಲ್ಲಿಗೆ ಕಳುಹಿಸಿದರು. ಅವರು ಇಪ್ಪತ್ತೆಂಟು ವರ್ಷಗಳ ಕಾಲ ಹೆಣಗಿ, 1882ರಲ್ಲಿ ಆ ತಲೆಗಂದಾಯವನ್ನು ಷಾಹನಿಂದ ರದ್ದುಪಡಿಸಿದರು. ಆದರೂ ಬಡತನವು ರದ್ದಾಗಲಿಲ್ಲ. 19ನೆಯ ಶತಮಾನದ ಉತ್ತರಾರ್ಧದಿಂದ ಅವರಲ್ಲಿ ಅನೇಕರು ಮುಂಬಯಿಗೆ ಬರತೊಡಗಿದರು. ಹೊಸದಾಗಿ ಬಂದ ಇವರಿಗೆ ಇರಾಣಿಗಳೆಂದು ಹೆಸರಾಯಿತು. ಅದೇ ಊರುಗಳ ಕೆಲವು ಮುಸಲ್ಮಾನರೂ ಬಂದು ಇದೇ ಉದ್ಯೋಗಕ್ಕೆ ಕೈಹಾಕಿದರು.

ಕೈಯಲ್ಲಿ ಹಣವಿಲ್ಲದೆ ಬಂದವರಿಗೆ ಅಂಗಡಿಯ ಜಾಗವು ಹೇಗೆ ದೊರೆಯಿತು? ಮೂಲೆಯ ಕಟ್ಟಡಗಳು ವ್ಯಾಪಾರಕ್ಕೆ ಅಶುಭವೆಂದು ಹಿಂದೂ ವರ್ತಕರು ಅವುಗಳನ್ನು ಬಿಟ್ಟುಬಿಡುತ್ತಿದ್ದರೆಂದೂ, ಆ ನಂಬಿಕೆಯಿಲ್ಲದ ಇರಾಣಿಗಳು ಅವುಗಳನ್ನು ಅಗ್ಗದ ಬಾಡಿಗೆಗೆ ಹಿಡಿದರೆಂದೂ ಮುಂಬಯಿಯಲ್ಲಿ ಹೇಳುವುದುಂಟು. ಈ ಕಥೆಯು ಎಷ್ಟು ನಿಜವೋ! ಎರಡು ಬೀದಿಗಳಿಗೆ ಮುಖಮಾಡಿದ ಅಂಗಡಿಗೆ ಎರಡು ಕಡೆಯಿಂದಲೂ ಗಾಳಿ, ಬೆಳಕು, ಗಿರಾಕಿ ಬರುವುದೆಂಬುದು ಮಾತ್ರ ನಿಜ. ನಮ್ಮವರು ಅಶುಭವೆಂದು ಬಿಟ್ಟ ಎಷ್ಟು ಮೂಲೆಗಳು ಇನ್ನೊಬ್ಬರ ಅನ್ನವಾದವೋ ಎಂದು ನಾವು ಅಂದುಕೊಂಡೆವು.

ಈಗ ತಿಂಡಿಯ ಮಾತಿಗೆ ಬರೋಣ. ಚೌಕಳಿಯ ಮೇಜಿನ ಮುಂದೆ ಕುಳಿತು ಇತಿಹಾಸ ಹೇಳುತ್ತ ಹೋದರೆ ಚಹವು ಆರೀತು. ಮೊದಲು ಬಂದದ್ದು ಬ್ರುನ್ ಮಸ್ಕಾ. ಬ್ರುನ್ ಎಂದರೆ ಹೊರಮೈ ಗಟ್ಟಿಯಾಗಿ, ಮುರಿದರೆ ಸದ್ದಾಗುವಂತೆ ಬೆಂದ ಪಾವ್ ರೊಟ್ಟಿ; ಮಸ್ಕಾ ಎಂದರೆ ಬೆಣ್ಣೆ. ಪಾವ್ ಎಂಬ ಮಾತನ್ನು ಪೋರ್ತುಗೀಜರು ತಂದರು. ರೊಟ್ಟಿಯನ್ನು ಸೀಳಿ, ನಡುವೆ ಬೆಣ್ಣೆಯನ್ನು ಕೈಬಿಚ್ಚಿ ಬಳಿದು, ಉದ್ದುದ್ದ ತುಂಡುಗಳನ್ನಾಗಿ ಕೊಯ್ದು ಕೊಡುವರು. ಅದನ್ನು ಚಹದಲ್ಲಿ ಅದ್ದಿಯೇ ತಿನ್ನಬೇಕು. ಬೆಣ್ಣೆಯ ಹನಿಗಳು ಚಹದ ಮೇಲೆ ತೇಲುವುದನ್ನು ಕಂಡು ನಮ್ಮ ಮನೆಯವರು ಮುಖ ಸಿಂಡರಿಸಿದರು. ಎರಡನೆಯ ತುಂಡಿಗೆ ಆ ಸಿಂಡರವು ಮಾಯವಾಯಿತು. ಚಹಕ್ಕೆ ಇಲ್ಲಿ ‘ಪಾನೀ ಕಮ್’ ಎಂದು ಹೇಳುವ ರೂಢಿಯುಂಟು. ನೀರು ಕಡಿಮೆ, ಹಾಲು ಹೆಚ್ಚು ಎಂದು ಅರ್ಥ.

ಖಾರಿ ಬಿಸ್ಕತ್ತಿನಲ್ಲಿ ಖಾರವಿಲ್ಲ. ಉಪ್ಪಿರುವುದರಿಂದ ಆ ಹೆಸರು. ಹಿಟ್ಟನ್ನು ಲಟ್ಟಿಸಿ, ಕೊಬ್ಬನ್ನು ಹಚ್ಚಿ, ಮಡಿಸಿ, ಮತ್ತೆ ಲಟ್ಟಿಸಿ, ಹೀಗೆ ಹಲವು ಬಾರಿ ಮಾಡಿ ಭಟ್ಟಿಗಿಟ್ಟರೆ, ಹಿಟ್ಟಿನೊಳಗಣ ನೀರು ಹಬೆಯಾಗಿ ಪದರಗಳನ್ನು ಎತ್ತಿ ಬಿಡಿಸುವುದು. ನಮ್ಮ ಚಿರೋಟಿಯ ದೂರದ ನಂಟು ಎನ್ನಬಹುದು. ನಾನ್‌ಖಟಾಯಿಯ ಜನ್ಮಭೂಮಿಯು ಸೂರತ್ತು. ಅಲ್ಲಿನ ಡಚ್ಚರು ಊರು ಬಿಟ್ಟು ಹೋಗುವಾಗ ತಮ್ಮ ರೊಟ್ಟಿಯ ಭಟ್ಟಿಯನ್ನು ಪಾರಸಿಗಳ ವಶಕ್ಕೆ ಕೊಟ್ಟುಹೋದರೆಂದೂ, ಅದರಿಂದ ಈ ಬಿಸ್ಕತ್ತು ಹುಟ್ಟಿತೆಂದೂ ಹೇಳುವರು.

ಆದರೆ ನಾವು ಬಂದದ್ದು ಮಾವಾ ಕೇಕಿಗಾಗಿ. ನಮ್ಮ ವಾಚಕರು ಮಾವಿನ ಹಣ್ಣಿನ ಕೇಕೆಂದು ಭ್ರಮಿಸಬಾರದು. ಹಾಲನ್ನು ಬತ್ತಿಸಿ ಗಟ್ಟಿಮಾಡಿದ ಖೋವಕ್ಕೆ ಮುಂಬಯಿಯಲ್ಲಿ ಮಾವಾ ಎನ್ನುವರು. “ಮಾವನಿಗೆ ಮಾವಾ ತಿನ್ನಿಸಿದ ಪುಣ್ಯ ನಮ್ಮದಾಗಲಿ” ಎಂದು ನಮ್ಮ ಮನೆಯವರು ನಗೆಯಾಡಿದರು. ಸುಕ್ಕುಸುಕ್ಕಾದ ಕಾಗದದ ಬಟ್ಟಲಿನಲ್ಲಿ ಬೆಂದ, ಅಂಗೈಯಲ್ಲಿ ಹಿಡಿಯುವ ಚಿಕ್ಕ ಕೇಕು ಅದು. ಮೇಲೆ ಹೂವಿಲ್ಲ, ಬಣ್ಣವಿಲ್ಲ, ಸಕ್ಕರೆಯ ಅಲಂಕಾರವಿಲ್ಲ. ಮೇಲ್ಮೈ ಕಂದು, ಒಳಗೆ ನಸುಹಳದಿ, ಮೂಗಿನ ಬಳಿಗೆ ತಂದರೆ ಏಲಕ್ಕಿ. ನಾವು ಮದುವೆಮನೆಗಳಲ್ಲಿಯೂ ಹುಟ್ಟುಹಬ್ಬಗಳಲ್ಲಿಯೂ ಇತ್ತೀಚೆಗೆ ತಿನ್ನುವ, ಕ್ಷೌರದ ನೊರೆಯಂಥ ಬಿಳಿಯ ವಸ್ತುವನ್ನು ಹೊದ್ದ ಕೇಕುಗಳಿಗೂ ಇದಕ್ಕೂ ಹೆಸರೊಂದೇ ಸಮಾನ. ಒಂದು ಲೀಟರು ಗಟ್ಟಿ ಹಾಲು ಬತ್ತಿ ಸುಮಾರು 200 ಗ್ರಾಂ ಖೋವವಾಗುವುದು. ಆ ಹಾಲಿನ ಜಿಡ್ಡೇ ಕೇಕನ್ನು ಮೆದುವಾಗಿ ಇಡುವುದು. ಹಾಲಿನ ಸಾರವೂ ಸಕ್ಕರೆಯೂ ಶಾಖದಲ್ಲಿ ಕೂಡಿ ಆ ಕಂದು ಬಣ್ಣವನ್ನೂ, ಹಾಲು ಕಾಯಿಸಿದ ಬೋಗುಣಿಯ ತಳದಲ್ಲಿ ಕೆರೆದು ತಿಂದ ಗಸಿಯ ರುಚಿಯನ್ನೂ ಕೊಡುವುದು. ಆ ಗಸಿಗಾಗಿ ಅಣ್ಣತಮ್ಮಂದಿರೊಡನೆ ಜಗಳವಾಡದ ವಾಚಕರು ಯಾರಿರುವರು?

ಮಾವನವರಿಗೆ ಸಕ್ಕರೆಯ ಕಾಯಿಲೆ. ವೈದ್ಯರ ನಿಷೇಧವು ನಮಗೆಲ್ಲರಿಗೂ ತಿಳಿದಿತ್ತು. ಅವರು ಏನನ್ನೂ ಕೇಳಲಿಲ್ಲ. ಕೇಕಿನ ತಟ್ಟೆಯನ್ನು ನೋಡುತ್ತ ಕುಳಿತಿದ್ದರು. ನಮ್ಮ ಮನೆಯವರು ಒಂದನ್ನು ಕಾಗದ ಬಿಡಿಸಿ, ಎರಡು ಭಾಗ ಮಾಡಿ, ಚಿಕ್ಕ ಭಾಗವನ್ನು ಅವರ ಬಸಿಯಲ್ಲಿಟ್ಟರು. ಅದನ್ನು ತಿಂದ ಮೇಲೆಯೇ ಅವರು ಬಾಯಿಬಿಟ್ಟು ಮಾತನಾಡಿದ್ದು.

“ನನಗೆ ರುಚಿಗಿಂತ ದೊಡ್ಡದು ಈ ಕುರ್ಚಿ” ಎಂದರು. ಅವರು ಕೆಲಸಕ್ಕಿದ್ದ ಹೋಟೆಲಿನಲ್ಲಿ ಹುಡುಗರು ಮೇಜು ಒರೆಸಬಹುದು, ಕುರ್ಚಿ ಸರಿಸಬಹುದು, ಕೂಡ್ರುವಂತಿರಲಿಲ್ಲ. ಊಟವನ್ನು ಅಡಿಗೆಮನೆಯ ಹಿಂದೆ ನೆಲದ ಮೇಲೆ ಕುಳಿತು ಮಾಡಬೇಕು. ಬೆಳಗ್ಗೆ ಐದರಿಂದ ಸಂಜೆಯವರೆಗೆ ನಿಂತ ಕಾಲಿನಲ್ಲಿ ಕೆಲಸ. ತಿಂಗಳಿಗೆ ಎರಡು ಅಪರಾಹ್ನ ರಜೆ. ಆ ಅಪರಾಹ್ನಗಳಲ್ಲಿ ಅವರು ತೊಳೆದ ಅಂಗಿ ತೊಟ್ಟು, ಎರಡು ಬೀದಿ ದಾಟಿ, ಇರಾಣಿ ಅಂಗಡಿಗೆ ಹೋಗಿ ಕುರ್ಚಿಯಲ್ಲಿ ಕೂಡ್ರುತ್ತಿದ್ದರು. ಅದು ಆಣೆಗಳ ಕಾಲ. ನಯೇ ಪೈಸೆಗಳು ಬಂದದ್ದು 1957ರ ಏಪ್ರಿಲಿನಲ್ಲಿ. ಒಂದು ಚಹದ ಹಣ ಕೈಯಲ್ಲಿದ್ದರೆ ಸಾಕು, ಎಷ್ಟು ಹೊತ್ತು ಕುಳಿತರೂ ಏಳೆನ್ನುವವರಿಲ್ಲ. “ಯಾರೋ ಒಬ್ಬ ದೊಡ್ಡ ಗಂಡಸು ಬಂದು ನನ್ನ ಮುಂದೆ ಬಸಿ ಇಟ್ಟು ಹೋಗುವುದು! ಮೊದಲ ದಿನ ನಾನು ಎದ್ದು ನಿಂತುಬಿಟ್ಟೆ. ಕೂತುಕೋ ಮಗನೇ ಎಂದು ಅವನೇ ಹೇಳಿದ.”

ಅವರ ಜತೆಗೆ ರಾತ್ರಿಶಾಲೆಯ ಒಬ್ಬ ಸ್ನೇಹಿತನೂ ಬರುತ್ತಿದ್ದನಂತೆ. ಒಂದು ಕೇಕನ್ನು ಕೊಂಡು ಇಬ್ಬರೂ ಪಾಲುಮಾಡಿ ತಿನ್ನುತ್ತಿದ್ದರಂತೆ. ಆ ಸ್ನೇಹಿತನನ್ನು ನಮ್ಮ ಅಜ್ಜಿಯ ಮನೆಯಲ್ಲಿ ಅಂಗಳದಿಂದ ಮೇಲೆ ಹತ್ತಿಸುತ್ತಿರಲಿಲ್ಲವೆಂಬುದನ್ನು ಮಾವನವರು ಸಹಜವಾದ ಸ್ವರದಲ್ಲಿ ಹೇಳಿದರು. ಅಸ್ಪೃಶ್ಯತೆಯನ್ನು ದಂಡನೀಯವೆಂದು ಸಾರಿದ ಕಾಯಿದೆಯು 1955ರಲ್ಲಿಯೇ ಜಾರಿಗೆ ಬಂದಿತ್ತು. ಅದು ನಮ್ಮ ಅಂಗಳಕ್ಕೆ ಬಂದು ಮುಟ್ಟಲು ಇನ್ನೂ ಬಹಳ ವರ್ಷಗಳು ಹಿಡಿದವು. ಮೊಟ್ಟೆ ಹಾಕಿದ ತಿಂಡಿಯನ್ನು, ಅಂಥವನ ಕೈಯಿಂದ ಮುರಿದುಕೊಂಡು, ಅನ್ಯಮತದವರ ಅಂಗಡಿಯಲ್ಲಿ ತಿಂದನೆಂದು ಅಜ್ಜಿಗೆ ತಿಳಿದಿದ್ದರೆ ಏನಾಗುತ್ತಿತ್ತು ಎಂದು ನಾವು ಕೇಳಿದೆವು. “ಪ್ರಾಯಶ್ಚಿತ್ತ” ಎಂದು ಮಾವನವರು ನಕ್ಕರು. “ಅವಳಿಗೆ ಹೇಳಲೇ ಇಲ್ಲ ಮಾರಾಯ. ಮನಿಯಾರ್ಡರು ಮಾತ್ರ ತಪ್ಪದೆ ಕಳುಹಿಸಿದೆ.” ಆ ಮನಿಯಾರ್ಡರಿನಲ್ಲಿಯೇ ನಮ್ಮ ತಾಯಿಯವರ ಮದುವೆಯಾದದ್ದೆಂಬುದನ್ನು ನಾವು ಬಲ್ಲೆವು.

ಒಂದು ದಿನ ಅವರು ಭೂಗೋಳದ ಪುಸ್ತಕವನ್ನು ಅಂಗಡಿಯ ಮೇಜಿನ ಮೇಲೆ ಮರೆತು ಬಂದರಂತೆ. ಮುಂದಿನ ರಜೆಯವರೆಗೆ ಹೋಗುವಂತಿಲ್ಲ. ಪರೀಕ್ಷೆಯು ಹತ್ತಿರ. ಹದಿನೈದು ದಿವಸಗಳ ಮೇಲೆ ಹೋದರೆ, ಗಲ್ಲಾದ ಮೇಲೆ ಕುಳಿತ ಸೇಠ್‌ನು ಪುಸ್ತಕವನ್ನು ಕೆಳಗಿನಿಂದ ತೆಗೆದು ಕೊಟ್ಟನು. ಅದಕ್ಕೆ ಕಂದು ಕಾಗದದ ಹೊದಿಕೆ ಹಾಕಿತ್ತು, ಕೇಕು ಕಟ್ಟುವ ಕಾಗದ. ಆತನಿಗೆ ಕನ್ನಡದ ಒಂದು ಅಕ್ಷರವೂ ಬಾರದು. ಪರ್ಶಿಯಾ ದೇಶದ ನಕ್ಷೆಯಿರುವ ಪುಟವನ್ನು ತೆರೆದು, ಬೆರಳಿಟ್ಟು, “ಯಜ್ದ್” ಎಂದನಂತೆ. ಆ ಸೇಠ್‌ನ ಹೆಸರೇನೆಂದು ನಮ್ಮ ಮನೆಯವರು ಕೇಳಿದರು. ಹೆಸರನ್ನು ಕೇಳುವ ಧೈರ್ಯವು ಆಗ ತಮಗಿರಲಿಲ್ಲವೆಂದು ಮಾವನವರು ಹೇಳಿದರು.

ಕೆಲವು ಇರಾಣಿ ಅಂಗಡಿಗಳಲ್ಲಿ ಸಂಸಾರಸ್ಥರಿಗೆಂದು ಮರದ ಅಟ್ಟದ ಮೇಲೋ ಪರದೆಯ ಹಿಂದೆಯೋ ಬೇರೆ ಜಾಗವಿರುತ್ತಿತ್ತು. ಮದುವೆಯಾಗಿ ಮುಂಬಯಿಗೆ ಬಂದ ಹೊಸದರಲ್ಲಿ ಅತ್ತೆಯವರನ್ನು ಅಂಥ ಒಂದು ಕೋಣೆಗೆ ಮಾವನವರು ಕರೆದುಕೊಂಡು ಹೋದದ್ದುಂಟು. ಕೇಕಿನಲ್ಲಿ ಮೊಟ್ಟೆಯಿದೆಯೆಂದು ಅತ್ತೆಯವರು ಮುಟ್ಟಲಿಲ್ಲ. ಕೆಂಪು ಬಣ್ಣದ ರಾಸ್ಪ್‌ಬೆರಿ ಸೋಡವನ್ನು ಕುಡಿದರು. 1865ರಿಂದ ಪಲ್ಲೋಂಜಿಯವರ ಕಾರಖಾನೆಯು ತಯಾರಿಸುತ್ತ ಬಂದ ಪಾನೀಯವದು. ನಾಲಗೆ ಕೆಂಪಾದದ್ದನ್ನು ಕಂಡು ಅತ್ತೆಯವರು ಮನೆ ತಲಪುವವರೆಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರಂತೆ. ಇದನ್ನು ಹೇಳಿ ಮಾವನವರು ಸ್ವಲ್ಪ ಹೊತ್ತು ಬೀದಿಯ ಕಡೆಗೆ ನೋಡಿದರು. ನಾವು ಇನ್ನೊಂದು ಚಹಕ್ಕೆ ಹೇಳಿದೆವು.

ಇರಾಣಿ ಅಂಗಡಿಗಳು ಬರೀ ದಯೆಯ ಮನೆಗಳಾಗಿದ್ದವೆಂದು ಯಾರೂ ತಿಳಿಯಬೇಕಾಗಿಲ್ಲ. ತಲೆ ಬಾಚಬೇಡಿರಿ, ಗಟ್ಟಿಯಾಗಿ ಮಾತನಾಡಬೇಡಿರಿ ಎಂದು ಮೊದಲಾಗಿ ಬೇಡಬೇಡಗಳನ್ನೇ ಬರೆದ ಹಲಗೆಗಳು ಅಲ್ಲಿ ಪ್ರಸಿದ್ಧವಾಗಿದ್ದವು. ಇದೇ ಧೋಬಿ ತಲಾವಿನ ಬಸ್ತಾನಿ ಎಂಬ ಅಂಗಡಿಯ ಹಲಗೆಯನ್ನು ಕಂಡು ನಿಸ್ಸಿಮ್ ಎಜೆಕಿಯಲ್ ಎಂಬ ಕವಿಗಳು ಇಂಗ್ಲಿಷಿನಲ್ಲಿ ಒಂದು ಕವನವನ್ನೇ ಕಟ್ಟಿದರು. ಹಲಗೆಯೂ ಇಲ್ಲ, ಅಂಗಡಿಯೂ ಇಲ್ಲ, ಕವನವು ಉಳಿದಿದೆ.

ಒಂದು ಕಾಲಕ್ಕೆ ಮುಂಬಯಿಯಲ್ಲಿ ನೂರಾರು ಇದ್ದ ಈ ಅಂಗಡಿಗಳು ಈಗ ಬೆರಳುಗಳಲ್ಲಿ ಎಣಿಸುವಷ್ಟಾಗಿವೆ. ಕಾರಣಗಳನ್ನು ಹುಡುಕಿ ಬಹು ದೂರ ಹೋಗಬೇಕಾಗಿಲ್ಲ. ಮುಂಜಾವದಿಂದ ರಾತ್ರಿಯವರೆಗೆ ಗಲ್ಲಾದ ಮೇಲೆ ಕೂಡ್ರುವ ಉದ್ಯೋಗವನ್ನು ಓದಿದ ಮಕ್ಕಳು ಬಯಸಲಿಲ್ಲ. ವೈದ್ಯರಾದರು, ಇಂಜಿನಿಯರಾದರು, ಪರದೇಶಗಳಿಗೆ ಹೋದರು. ಮಕ್ಕಳ ಸಂಖ್ಯೆಯೂ ಕಡಿಮೆ. ಭರತಖಂಡದ ಪಾರಸಿಗಳು 2001ರ ಜನಗಣತಿಯಲ್ಲಿ 69,601 ಮಂದಿ ಇದ್ದರು, 2011ರಲ್ಲಿ 57,264. ಅನೇಕ ಅಂಗಡಿಗಳು ಪಾಲುದಾರರವು. ಒಬ್ಬನು ತೀರಿಕೊಂಡರೆ ಮಿಕ್ಕವರಲ್ಲಿ ಹಂಚಿಕೆಯ ಪ್ರಶ್ನೆಯು ಏಳುವುದು. 1947ರ ಬಾಡಿಗೆ ನಿಯಂತ್ರಣದ ಕಾಯಿದೆಯಿಂದ ಹಳೆಯ ಬಾಡಿಗೆಗಳು ಅಲ್ಪವಾಗಿಯೇ ನಿಂತವು. ಅದರಿಂದ ಅಂಗಡಿಯು ಬದುಕಿತು, ಆದರೆ ಕಟ್ಟಡವು ರಿಪೇರಿಯಿಲ್ಲದೆ ಸೊರಗಿತು. ಮುಂಬಯಿಯ ಮೂಲೆಯ ನೆಲಕ್ಕೆ ಬಂಗಾರದ ಬೆಲೆ ಬಂದ ಮೇಲೆ ಒಂದು ಬಸಿ ಚಹಕ್ಕೆ ಒಂದು ಗಂಟೆ ಕೂಡ್ರುವ ಗಿರಾಕಿಯು ಮಾಲಿಕನಿಗೆ ಹೇಗೆ ತಾನೆ ಪೂರೈಸಿಯಾನು? ನಮ್ಮವರ ಕೈಯೂ ಇದರಲ್ಲಿ ಇಲ್ಲದಿಲ್ಲ. ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ಉಡುಪಿಯ ಊಟದ ಮನೆಯನ್ನು ತೆರೆದ ಆ ಕಾಲದಿಂದ ಮುಂದಕ್ಕೆ, ಊರೆಲ್ಲ ಹಬ್ಬಿದ ಉಡುಪಿ ಹೋಟೆಲುಗಳ ಬಿಸಿ ದೋಸೆಯು ಇರಾಣಿಯ ಗಿರಾಕಿಗಳನ್ನು ಮೆಲ್ಲಮೆಲ್ಲನೆ ತನ್ನ ಕಡೆಗೆ ಎಳೆದುಕೊಂಡಿತು. ಬೇಗ ಬಂದು, ಬೇಗ ತಿಂದು, ಬೇಗ ಏಳುವ ಕಾಲಕ್ಕೆ ನಮ್ಮ ದೋಸೆಯೇ ಹೊಂದುವ ತಿಂಡಿ.

ಭಟ್ಟಿಯ ಕಷ್ಟವೊಂದು ಈಚಿನದು. ಕಟ್ಟಿಗೆಯನ್ನೂ ಕಲ್ಲಿದ್ದಲನ್ನೂ ಉರಿಸುವ ಬೇಕರಿಗಳು ಆರು ತಿಂಗಳೊಳಗೆ ಅನಿಲವೇ ಮೊದಲಾದ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಮುಂಬಯಿಯ ಉಚ್ಚ ನ್ಯಾಯಾಲಯವು 2025ರ ಜನವರಿಯಲ್ಲಿ ಆಜ್ಞಾಪಿಸಿತು. ಆ ನಗರದ ಗಾಳಿಯನ್ನು ಎಂಟು ದಿವಸ ಉಸಿರಾಡಿ ಬಂದ ನಾವು ಈ ಆಜ್ಞೆಯನ್ನು ತಪ್ಪೆನ್ನಲಾರೆವು. ಬ್ರುನ್ ರೊಟ್ಟಿಯ ಹೊರಮೈಗೆ ಕಟ್ಟಿಗೆಯ ಭಟ್ಟಿಯೇ ಬೇಕೆಂದು ವಾದಿಸುವವರ ಮಾತನ್ನೂ ಅಲ್ಲಗಳೆಯಲಾರೆವು. ಭಟ್ಟಿಯನ್ನು ಒಡೆದು ಹೊಸದನ್ನು ಕಟ್ಟಿಸುವ ಖರ್ಚನ್ನು ಮಾತ್ರ ರುಚಿಯ ಪಂಡಿತರು ಯಾರೂ ಕೊಡುವಂತಿಲ್ಲ.

ಇನ್ನು ನಮ್ಮಂಥವರ ಮಾತು. ಗ್ರಾಂಟ್ ರೋಡ್ ನಿಲ್ದಾಣದ ಬಳಿ 1914ರಲ್ಲಿ ಹುಟ್ಟಿದ ಮೆರ್ವಾನ್ ಎಂಬ ಅಂಗಡಿಯು ಮಾವಾ ಕೇಕಿಗೆ ಹೆಸರಾದದ್ದು. 2014ರಲ್ಲಿ ಅದು ಮುಚ್ಚುವುದೆಂಬ ಸುದ್ದಿ ಹೊರಟ ಕೂಡಲೆ ಜನರು ಗುಂಪುಗುಂಪಾಗಿ ಬಂದು ಸಾಲುಗಟ್ಟಿ ನಿಂತರು. ಆ ಸಲ ಅಂಗಡಿಯು ಮತ್ತೆ ತೆರೆಯಿತೆನ್ನಿರಿ. ಆ ಸಾಲಿನಲ್ಲಿ ನಿಂತವರೆಲ್ಲರೂ ಹಿಂದಿನ ಹತ್ತು ವರ್ಷಗಳಲ್ಲಿ ತಿಂಗಳಿಗೊಮ್ಮೆ ಬಂದಿದ್ದರೆ ಎಂದು ಮಾವನವರನ್ನು ಕೇಳಿದೆವು. ಅವರು, “ನಾನೇ ಎಷ್ಟು ವರ್ಷದಿಂದ ಬಂದಿರಲಿಲ್ಲ! ಅವಳು ತೀರಿದ ಮೇಲೆ ಇಂದೇ ಮೊದಲು” ಎಂದರು. ಸ್ವಲ್ಪ ಹೊತ್ತಿನ ಹಿಂದೆ ಮೊಬೈಲ್ ಅಂಗಡಿಯ ಚಿತ್ರನಟಿಯನ್ನು ನೋಡಿ ಮನಸ್ಸಿನಲ್ಲಿಯೇ ಶಪಿಸಿದ್ದ ನಾವು ಆ ಮೇಲೆ ಸುಮ್ಮನಾದೆವು. ನಮ್ಮ ಊರಿನ ಪೇಟೆಯಲ್ಲಿಯೂ ಒಂದು ಹಳೆಯ ಬೇಕರಿಯಿದೆ. ಹಾಸನದ ಕಡೆಯ ಅಯ್ಯಂಗಾರ್ಯರು ಮೊಟ್ಟೆಯಿಲ್ಲದೆ ಬೆಣ್ಣೆಯ ಬಿಸ್ಕತ್ತು ಮಾಡುವರು. ಅಲ್ಲಿಗೆ ನಾವು ಹೋಗಿ ಎಷ್ಟು ದಿವಸಗಳಾದವು?

ಬಿಲ್ಲು ಬಂತು. ನಾವು ಗಲ್ಲಾದ ಬಳಿಗೆ ಹೋಗಿ ಹಣ ಕೊಟ್ಟು, ದಾರಿಗೆಂದು ಒಂದು ಕಟ್ಟು ನಾನ್‌ಖಟಾಯಿ, ಒಂದು ಡಜನು ಮಾವಾ ಕೇಕು ಕಟ್ಟಿಸಿಕೊಂಡು ಹಿಂದಿರುಗಿ ನೋಡುವಷ್ಟರಲ್ಲಿ, ಮಾವನವರು ಮೇಜಿನ ಮೇಲೆ ಉದುರಿದ್ದ ರೊಟ್ಟಿಯ ಪುಡಿಯನ್ನು ಒಂದು ಅಂಗೈಯ ಅಂಚಿನಿಂದ ಇನ್ನೊಂದು ಅಂಗೈಗೆ ಸರಸರನೆ ಗುಡಿಸಿಕೊಳ್ಳುತ್ತಿದ್ದರು. ಮಾಣಿಯು ಓಡಿಬಂದು, “ಬಿಡಿ ಸೇಠ್, ನಾನು ಮಾಡುತ್ತೇನೆ” ಎಂದು ಹಿಂದಿಯಲ್ಲಿ ಹೇಳಿದನು. ಮಾವನವರು ಪುಡಿಯನ್ನು ಬಸಿಯೊಳಗೆ ಹಾಕಿ, ಅವನ ಹೆಸರನ್ನು ಕೇಳಿದರು. ಊರನ್ನೂ ಕೇಳಿದರು. ಹೊರಗೆ ಬರಲು ನಮಗೆ ಇನ್ನೂ ಕಾಲು ಗಂಟೆ ಹಿಡಿಯಿತು.

ಕೇಕುಗಳು ರೈಲಿನಲ್ಲಿಯೇ ಮುಗಿದವು. ಸಹಪ್ರಯಾಣಿಕರ ಮಕ್ಕಳಿಗೆ ಮಾವನವರೇ ಹಂಚಿದರು. ಊರಿಗೆ ಬಂದು ವಾರವಾದ ಮೇಲೆ ನಮ್ಮ ಮನೆಯವರು ತಾವೇ ಮಾಡಿ ನೋಡುವೆವೆಂದು ಹೊರಟರು. ಓದುಗ ಸೋದರಿಯರಿಗಾಗಿ ಅವರು ಹೇಳಿದ ಅಳತೆಯನ್ನು ಇಲ್ಲಿ ಬರೆಯುತ್ತೇವೆ. ಸಕ್ಕರೆ ಸೇರಿಸದ ಖೋವ 100 ಗ್ರಾಂ, ಬೆಣ್ಣೆ 75 ಗ್ರಾಂ, ಪುಡಿಮಾಡಿದ ಸಕ್ಕರೆ 125 ಗ್ರಾಂ. ಇವು ಮೂರನ್ನೂ ಗಂಟಿಲ್ಲದಂತೆ, ಬಣ್ಣ ಬಿಳಿಚಿಕೊಳ್ಳುವವರೆಗೆ ತಿಕ್ಕಬೇಕು. ಕೈ ಸೋಲುವುದು, ಆದರೆ ಇದರಲ್ಲಿ ಸೋಮಾರಿತನ ಮಾಡಿದರೆ ಕೇಕು ಅರಳದು. ಎರಡು ಮೊಟ್ಟೆಗಳನ್ನು ಒಂದೊಂದಾಗಿ ಒಡೆದು ಹಾಕಿ ಕದಡಬೇಕು. 130 ಗ್ರಾಂ ಮೈದಾಹಿಟ್ಟಿಗೆ ಒಂದು ಚಹದ ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಏಲಕ್ಕಿಪುಡಿ, ಚಿಟಿಕೆ ಉಪ್ಪು ಬೆರಸಿ ಜರಡಿಯಾಡಿ, ನಾಲ್ಕು ದೊಡ್ಡ ಚಮಚ ಹಾಲಿನೊಡನೆ ಹಗುರವಾಗಿ ಕೂಡಿಸಬೇಕು. ಹಿಟ್ಟು ಹಾಕಿದ ಮೇಲೆ ಹೆಚ್ಚು ಕದಡಬಾರದು. ಚಿಕ್ಕ ಕಾಗದದ ಬಟ್ಟಲುಗಳಿಗೆ ಮುಕ್ಕಾಲು ಭಾಗ ತುಂಬಿ, ಮುಂಚೆಯೇ 180 ಡಿಗ್ರಿಗೆ ಕಾಯಿಸಿದ ಒಲೆಯಲ್ಲಿ 20ರಿಂದ 25 ನಿಮಿಷ ಬೇಯಿಸಬೇಕು. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟದೆ ಬರಬೇಕು.

ಮೊದಲ ಸಲ ನಮ್ಮ ಮನೆಯಲ್ಲಿ ತಳವು ಸೀದುಹೋಯಿತು. ಎರಡನೆಯ ಸಲದ್ದನ್ನು ಮಾವನವರ ಮುಂದೆ ಇಟ್ಟೆವು. ಅವರು ಮೂಸಿ ನೋಡಿ, ಚಿಕ್ಕದೊಂದು ಚೂರನ್ನು ಬಾಯಿಗಿಟ್ಟುಕೊಂಡು, “ಏಲಕ್ಕಿ ಸರಿಯಾಗಿದೆ ಮಗಳೇ. ಇರಾಣಿಯದು ಇಷ್ಟು ಚೆನ್ನಾಗಿ ಅರಳುತ್ತಿರಲಿಲ್ಲ, ಸ್ವಲ್ಪ ಗಟ್ಟಿಯಿರುತ್ತಿತ್ತು” ಎಂದರು. ನಮ್ಮ ಮನೆಯವರು ಇದನ್ನು ಹೊಗಳಿಕೆಯೆಂದು ತಿಳಿಯಬೇಕೋ ದೂರೆಂದು ತಿಳಿಯಬೇಕೋ ಎಂದು ಇನ್ನೂ ವಿಚಾರಮಾಡುತ್ತಿರುವರು. ಮಿಕ್ಕ ಕೇಕುಗಳನ್ನು ನಮ್ಮ ಅಂಗಳದ ಕೆಲಸಕ್ಕೆ ಬರುವ ಹುಡುಗನಿಗೆ ಕೊಡೋಣವೆಂದು ಕರೆದೆವು. ಅವನು ಮೆಟ್ಟಿಲ ಬಳಿ ನಿಂತೇ ಕೈ ಚಾಚಿದನು. ಮಾವನವರು ಜಗಲಿಯ ಮೇಲಿದ್ದ ಕುರ್ಚಿಯನ್ನು ಕಾಲಿನಿಂದ ಅವನ ಕಡೆಗೆ ತಳ್ಳಿ, ಚಹ ತರಲು ನಮ್ಮನ್ನು ಒಳಗೆ ಕಳುಹಿಸಿದರು.